ಮಾದರಿ ಕಡತಕ್ಕೇಕೆ ಬೀಗ?

ಹುಬ್ಬಳ್ಳಿಯ ಅಂಗಡಿಯಲ್ಲಿ ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರ್ ಕೊಳ್ಳಲು ನನಗೆ ಹತ್ತು ನಿಮಿಷ ಸಾಕಾಯಿತು. ಧಾರವಾಡದ ಮನೆಯಲ್ಲಿ ಕುಳಿತು ಅದೇ ಮಾಸ್ಫೆಟ್ಟನ್ನು, ವಿದ್ಯುತ್ ಮಂಡಲಗಳನ್ನು ಗಣಕದಲ್ಲೇ ಪರೀಕ್ಷಿಸಿ ನೋಡುವ ತಂತ್ರಾಂಶವಾದ ಎನ್‌ಜಿಸ್ಪೈಸ್‌ನಲ್ಲಿ ಓಡಿಸಲು ಮೂರು ರಾತ್ರಿ ಸಾಲಲಿಲ್ಲ. ಬಿಡಿಭಾಗದ ಗುಣಗಳನ್ನು ತಂತ್ರಾಂಶಕ್ಕೆ ತಿಳಿಸುವ ತಯಾರಕರ ಮಾದರಿ ಕಡತವನ್ನು ಇಳಿಸಿಕೊಂಡು ತೆರೆದರೆ ಒಳಗೆ ತಲೆಬುಡವಿಲ್ಲದ ಅಕ್ಷರಗಳ ರಾಶಿ. ಗೂಢಲಿಪಿಯಲ್ಲಿ ಮುಚ್ಚಿಟ್ಟಿದ್ದಾರೆ, ಅವರು ಹೇಳಿದ ತಂತ್ರಾಂಶಕ್ಕೆ ಮಾತ್ರ ಅದು ಬಾಯಿ ಬಿಡುತ್ತದೆ. 1973ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದ, ಇಂಥ ತಂತ್ರಾಂಶಗಳ ಮೂಲವಾದ ಸ್ಪೈಸ್ ಎಲ್ಲರ ಕೈಗೂ ಮುಕ್ತವಾಗಿ ಸಿಕ್ಕಿತ್ತು. ಆ ಬಾವಿಯ ನೀರು ಕುಡಿದು ಬೆಳೆದ ಉದ್ಯಮವೇ ಈಗ ಬಾವಿಗೆ ಬೀಗ ಜಡಿಯುವುದು ಯಾವ ನ್ಯಾಯ?

ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನ ಕಥೆಯೂ ಅಷ್ಟೆ. ಕಡತವಿಲ್ಲದೆ ಬರಿಯ ಡಯೋಡ್ ಎಂದು ಬರೆದರೆ ತಂತ್ರಾಂಶ ದೂರುವುದಿಲ್ಲ. ತಾನೇ ಬೆಲೆಗಳನ್ನು ತುಂಬಿಕೊಳ್ಳುತ್ತದೆ: ಸರಣಿ ರೋಧ ಸೊನ್ನೆ, ಸಂಧಿಯ ಧಾರಕತೆ ಸೊನ್ನೆ, ಸಾಗಣೆ ಕಾಲ ಸೊನ್ನೆ, ಭಂಜನ ವೋಲ್ಟೇಜ್ ಅನಂತ. ಎಷ್ಟೇ ಹಿಮ್ಮುಖ ವೋಲ್ಟೇಜ್ ಕೊಟ್ಟರೂ ಮುರಿಯದ, ಕಣ್ಣೆವೆ ಮುಚ್ಚುವಷ್ಟೂ ತಡಮಾಡದೆ ಆರುವ ಇಂಥ ಡಯೋಡ್ ಜಗತ್ತಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪರದೆಯ ಮೇಲೆ ಗೆರೆ ನುಣುಪಾಗಿ ಬಂತು. ಮೇಜಿನ ಮೇಲೆ ನಿಜವಾದ ಡಯೋಡ್ ಢಬ್ ಎಂದು ಒಡೆದು, ಕೋಣೆಯೆಲ್ಲ ಸುಟ್ಟ ವಾಸನೆ.

ಈಗ ತಯಾರಕರ ದತ್ತಾಂಶ ಹಾಳೆಯ ನಕ್ಷೆಗೆ ಅಳತೆಪಟ್ಟಿ ಹಿಡಿದು ಒಂದೊಂದೇ ಬಿಂದುವನ್ನು ಆರಿಸುತ್ತಿದ್ದೇನೆ. ಹೆಜ್ಜೆಹೆಜ್ಜೆಗೂ ಹತ್ತು ಪಟ್ಟಾಗುವ ಲಘುಗಣಕದ ಅಕ್ಷ, ಕೂದಲೆಳೆಯಷ್ಟು ತಪ್ಪಿದರೂ ವಿದ್ಯುತ್ ಪ್ರವಾಹದ ಲೆಕ್ಕ ಎಲ್ಲಿಗೋ ಹೋಗುತ್ತದೆ. ಆ ನಕ್ಷೆ ಬರೆದವರ ಬಳಿ ಅಂಕಿಗಳೆಲ್ಲ ಇವೆ. ಹತ್ತು ಸಾಲಿನ ಪಠ್ಯವಾಗಿ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?