ಕುರ್ಚಿ ಹಾಕದ ಹಬ್ಬ

ಇಂಗ್ಲೆಂಡಿನ ನಡುಭಾಗದಲ್ಲಿ ಎಂ1, ಎಂ6 ಹೆದ್ದಾರಿಗಳು ಸೇರುವ ಜಾಗದ ಪಕ್ಕದಲ್ಲೇ ಕ್ಯಾಥಾರ್ಪ್ ಅಂತ ಪುಟ್ಟ ಹಳ್ಳಿ ಇದೆ. ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಬರೀ ಬೋರ್ಡು. ನಾನೂ ಹತ್ತು ವರ್ಷ ಆ ಬೋರ್ಡು ನೋಡಿಕೊಂಡೇ ಮುಂದೆ ಹೋಗಿದ್ದೆ. ಆ ಹಳ್ಳಿಯಲ್ಲಿ ಹಳೇ ಬಂಗಲೆ, ಸುತ್ತ ಹುಲ್ಲುಬಯಲು. 1975ರಲ್ಲಿ ಅದನ್ನು ಇಲ್ಲಿನ ಲಾಟ್ವಿಯಾದವರು ಸೇರಿ ಕೊಂಡರು. ಲಾಟ್ವಿಯಾ ಅಂದರೆ ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ. ಸ್ಟ್ರೌಮೆನಿ ಅಂತ ಅದಕ್ಕೆ ಅವರ ಹೆಸರು. ಜೂನ್ ತಿಂಗಳಲ್ಲಿ ನನ್ನ ಜೊತೆ ಕೆಲಸ ಮಾಡುವ ಲಾಟ್ವಿಯಾದ ಹೆಂಗಸೊಬ್ಬರು ನಮ್ಮ ಮನೆಯವರನ್ನೆಲ್ಲ ಅಲ್ಲಿಗೆ ಕರೆದರು. "ಯಾಞಿ ಹಬ್ಬ. ರಾತ್ರಿ ಮಲಗೋ ಹಾಗಿಲ್ಲ. ಬೆಚ್ಚಗಿನ ಬಟ್ಟೆ ಹಾಕ್ಕೊಂಡು ಬನ್ನಿ" ಅಂದರು.

ಯಾಞಿ ಅಂತ ಬರೆಯುವಾಗ ನನಗೆ ಖುಷಿ. ಒಂದನೇ ಕ್ಲಾಸಿನಿಂದ ನಮ್ಮ ಅಕ್ಷರಮಾಲೆಯಲ್ಲಿ ಸುಮ್ನೆ ಕೂತಿದ್ದ ಞಕ್ಕೆ ಕೊನೆಗೂ ಕೆಲಸ ಸಿಕ್ಕಿತು ನೋಡಿ. ಯಾನಿಸ್ ಅಂದರೆ ಜಾನ್. ಜೂನ್ 24 ಸಂತ ಜಾನ್ ಹೆಸರಿನ ದಿನ. ಆದರೆ ಹಬ್ಬದಲ್ಲಿ ಸಂತನ ಸುಳಿವು ಹುಡುಕಿದರೂ ಸಿಗುವುದಿಲ್ಲ. ಬೆಂಕಿ ಇದೆ, ಸೊಪ್ಪು ಇದೆ, ಹಾಲು, ಬಿಯರು ಇದೆ. ಸೂರ್ಯ ಇದ್ದಾಳೆ. ಹೌದು, ಅವರ ಹಾಡುಗಳಲ್ಲಿ ಸೂರ್ಯ ಹೆಣ್ಣು. ವರ್ಷದ ಅತಿ ದೊಡ್ಡ ಹಗಲು ಮುಗಿದು ಅತಿ ಚಿಕ್ಕ ರಾತ್ರಿ ಬರುವ ಹೊತ್ತಿಗೆ, ಅವಳು ಮುಳುಗಿ ಮತ್ತೆ ಏಳುವ ತನಕ ಎಚ್ಚರ ಇರಬೇಕು. ಅಂದು ಮಲಗಿದವರು ಬೇಸಿಗೆಯಿಡೀ ತೂಕಡಿಸುತ್ತಾರಂತೆ.

ಹೊರಡುವ ಮುಂಚೆ ಅಮ್ಮನಿಗೆ ಫೋನು ಮಾಡಿದ್ದೆ. "ಅದೆಂತ ಹಬ್ಬ ಮಾರಾಯ, ಹೋಳಿಯಾ?" ಅಂದಳು. ಬೆಂಕಿ ಇದೆ ಅಮ್ಮ, ಬಣ್ಣ ಇಲ್ಲ ಅಂದೆ. "ಊಟಕ್ಕೆ ಎಂತ ಮಾಡ್ತಾರೆ?" ಚೀಸು, ಬಿಯರು ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಕಾರಿಳಿದ ತಕ್ಷಣ ನಮ್ಮ ಕೈಗೆ ಕೆಲಸ ಕೊಟ್ಟರು. ಗಂಡಸರಿಗೆ ಓಕ್ ಎಲೆಯ ಕಿರೀಟ, ಹೆಂಗಸರಿಗೆ ಹೂವಿನದು. ಅವರವರದ್ದು ಅವರೇ ಕಟ್ಟಿಕೊಳ್ಳಬೇಕು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಹುಲ್ಲಿನ ಮೇಲೆ ಕೂತು ಹೇಳಿಕೊಡುತ್ತಿದ್ದರು. ಮೂರು ನಾಲ್ಕು ಎಲೆಯ ಚಿಕ್ಕ ಚಿಕ್ಕ ಗೆಲ್ಲು ಜೋಡಿಸಿ, ಒಂದರ ತೊಟ್ಟು ಮುಚ್ಚುವ ಹಾಗೆ ಇನ್ನೊಂದನ್ನಿಟ್ಟು ದಾರ ಸುತ್ತಬೇಕು. ನನ್ನದು ಮೂರು ಸಲ ಬಿಚ್ಚಿಹೋಯಿತು. ನನ್ನ ಹೆಂಡತಿ ಮಲೆನಾಡಿನವಳು, ಬಾಳೆನಾರಿನಲ್ಲಿ ದಂಡೆ ಕಟ್ಟಿ ಬೆಳೆದವಳು. ಹತ್ತು ನಿಮಿಷದಲ್ಲಿ ತನ್ನದು ಮುಗಿಸಿ, ಮಗಳದ್ದು ಮುಗಿಸಿ, ಪಕ್ಕದಲ್ಲಿದ್ದ ಯಾರದ್ದೋ ಕೈಗೆತ್ತಿಕೊಂಡಳು. ಅಜ್ಜಿ ಅವಳ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ದಾರ ಬಿಟ್ಟು ಅವಳ ಪಕ್ಕಕ್ಕೆ ಸರಿದು ಕೂತು, ಆ ಗಂಟು ಇನ್ನೊಮ್ಮೆ ನಿಧಾನಕ್ಕೆ ಹಾಕು ಅಂದರು.

ಇಷ್ಟು ವರ್ಷದಲ್ಲಿ ಇಲ್ಲಿನ ನಮ್ಮ ಕನ್ನಡ ಬಳಗದ ಯಾವ ಹಬ್ಬದ ಕಾರ್ಯಕ್ರಮದಲ್ಲೂ ಅವಳ ಈ ವಿದ್ಯೆಗೆ ಜಾಗವೇ ಇರಲಿಲ್ಲ. ನಾನು ಹೇಳಬೇಕು ಅಂತಿರುವುದು ಹೆಚ್ಚೂಕಮ್ಮಿ ಇದನ್ನೇ.

ಹಾಡಿನ ವಿಷಯಕ್ಕೆ ಬರುತ್ತೇನೆ. ಹಬ್ಬ ನಡೆಸುವ ಮನೆಯ ಯಜಮಾನ ಯಾನಿಸ್ ಅಪ್ಪ, ಯಜಮಾನಿ ಯಾನಿಸ್ ಅಮ್ಮ. ಬರುವವರೆಲ್ಲ ಯಾನಿಸ್ ಮಕ್ಕಳು. ಮಕ್ಕಳು ಅಂದರೆ ಎಪ್ಪತ್ತು ವರ್ಷದವರೂ ಮಕ್ಕಳೇ. ಇವರು ಹಾಡಿಕೊಂಡೇ ಅಂಗಳಕ್ಕೆ ಬರಬೇಕು. ಒಂದೊಂದು ಸಾಲಿಗೂ "ಲೀಗ್ವೊ, ಲೀಗ್ವೊ" ಅಂತ ಪಲ್ಲವಿ. ಒಳ್ಳೇ ಮಾತು ಹಾಡುತ್ತಾರೆ ಅಂದುಕೊಂಡಿದ್ದೆ. ನಮ್ಮನ್ನು ಕರೆದ ಗೆಳತಿ ಅರ್ಥ ಹೇಳಿದಾಗ ನಗು ಬಂತು. ಚೀಸ್ ಎಲ್ಲಿ, ಬಿಯರ್ ಎಲ್ಲಿ, ಹೊಲದ ಕಳೆ ಇನ್ನೂ ಕಿತ್ತಿಲ್ಲವಲ್ಲ ಸೋಮಾರಿ, ಹೀಗೆಲ್ಲ. ಮನೆಯವರು ಸುಮ್ಮನಿರುವ ಹಾಗಿಲ್ಲ, ಹಾಡಿನಲ್ಲೇ ತಿರುಗಿ ಹೇಳಬೇಕು. ಹುಡುಗರು ಹುಡುಗಿಯರನ್ನು, ಈ ಊರಿನವರು ಆ ಊರಿನವರನ್ನು ಹೀಗೆ ಹಾಡಿ ಹಂಗಿಸುವುದು ಗಂಟೆಗಟ್ಟಲೆ ನಡೆಯುತ್ತದೆ. ನಮ್ಮ ಕಡೆ ಮದುವೆಯಲ್ಲಿ ಬೀಗರನ್ನು ಹಾಡಿನಲ್ಲೇ ಹೀಯಾಳಿಸುತ್ತಿದ್ದರು, ನೆನಪಿದೆಯಾ? ಈಗ ಆ ಹೊತ್ತಿಗೆ ಫೋಟೋಗ್ರಾಫರ್ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿರುತ್ತಾನೆ.

ಚೀಸಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಿದರೆ ಬೇಜಾರಿಲ್ಲ ಅಲ್ವಾ? ಹಾಲು ಕಾಯಿಸಿ, ಅದಕ್ಕೆ ಒಡೆದ ಹಾಲಿನ ಗಟ್ಟಿ ಹಾಕಿ, ತಿಳಿನೀರು ಬಿಡುವ ತನಕ ಕೈಯಾಡಿಸುತ್ತಾರೆ. ನೀರು ಬಸಿದು ಮತ್ತೆ ಒಲೆಯ ಮೇಲಿಟ್ಟು ಬೆಣ್ಣೆ, ಮೊಟ್ಟೆ, ಉಪ್ಪು, ಕ್ಯಾರವೇ ಕಾಳು ಹಾಕುತ್ತಾರೆ. ಕ್ಯಾರವೇ ಅಂದರೆ ನಮ್ಮ ಜೀರಿಗೆಯ ದಾಯಾದಿ. ಮುದ್ದೆಯಾದದ್ದನ್ನು ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಮೇಲೊಂದು ಭಾರ ಇಟ್ಟು ಬಿಟ್ಟರೆ ಮಾರನೇ ದಿನಕ್ಕೆ ಹಳದಿ ಬಿಲ್ಲೆ ತಯಾರು. ಬಟ್ಟೆಯ ನಿರಿಗೆಯ ಗುರುತು ಅದರ ಮೇಲೆ ಹಾಗೇ ಮೂಡಿರುತ್ತದೆ, ಸೂರ್ಯನ ಕಿರಣದ ಹಾಗೆ. ನಾನು ಗಿಣ್ಣು ಅಂದುಕೊಂಡು ಬಾಯಿಗೆ ಹಾಕಿದೆ. ಉಪ್ಪು! ಎರಡನೇ ತುಂಡಿಗೆ ರುಚಿ ಹತ್ತಿತು.

ಈ ಹಬ್ಬದ ಸಾಮಾನು ಇಷ್ಟೇ. ಎಲೆ, ಸೌದೆ, ಹಾಲು, ಧಾನ್ಯ, ಗಂಟಲು. 1944ರಲ್ಲಿ ಸೋವಿಯತ್ ಸೇನೆ ಮತ್ತೆ ಒಳಗೆ ಬಂದಾಗ ಲಕ್ಷಕ್ಕೂ ಹೆಚ್ಚು ಜನ ಲಾಟ್ವಿಯಾ ಬಿಟ್ಟರು. ಜರ್ಮನಿಯ ನಿರಾಶ್ರಿತರ ಕ್ಯಾಂಪುಗಳಲ್ಲಿ ವರ್ಷಗಟ್ಟಲೆ ಕಳೆದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಇಂಗ್ಲೆಂಡಿಗೆ ಹಂಚಿಹೋದರು. ಇಂಗ್ಲೆಂಡಿಗೆ ಮೊದಲು ಬಂದವರಲ್ಲಿ ಕ್ಷಯರೋಗದ ಆಸ್ಪತ್ರೆಗಳಲ್ಲಿ ಕೆಲಸ ಮಾಡಲು ಕರೆತಂದ ಹುಡುಗಿಯರು ಇದ್ದರು. ಅಂಥವರ ಪೆಟ್ಟಿಗೆಯಲ್ಲಿ ಏನು ತಾನೇ ಹಿಡಿದೀತು? ಆದರೆ ಓಕ್ ಮರ ಇಲ್ಲೂ ಇತ್ತು, ಹಾಲು ಇಲ್ಲೂ ಇತ್ತು. ಹಾಡಂತೂ ಬಾಯಲ್ಲೇ ಇತ್ತು.

ಅತ್ತ ಸೋವಿಯತ್ ಕೈಯಲ್ಲಿದ್ದ ಊರಲ್ಲಿ ಬೇರೆ ಕಥೆ. 1959ರ ಹೊತ್ತಿಗೆ ಲಾಟ್ವಿಯಾದ ಕಮ್ಯುನಿಸ್ಟ್ ಪಕ್ಷದಲ್ಲಿ ತಮ್ಮ ನಾಡು ನುಡಿ ಅನ್ನುತ್ತಿದ್ದವರನ್ನೆಲ್ಲ ಕಿತ್ತುಹಾಕಿ ಅರ್ವಿಡ್ಸ್ ಪೆಲ್ಶೆ ಮೇಲೆ ಬಂದ. ಅಲ್ಲಿಂದ ಯಾಞಿಗೆ ರಜೆ ಇಲ್ಲ, ಅದು ಅಧಿಕಾರದವರ ಕೆಂಗಣ್ಣಿಗೆ ಬಿದ್ದ ಹಬ್ಬವಾಯಿತು. ಹಳ್ಳಿಯ ಜನ ಬಿಡಲಿಲ್ಲ ಅನ್ನಿ, ಆಚರಿಸಿಯೇ ಆಚರಿಸಿದರು. ಆದರೆ ಬಾಯಿಬಿಟ್ಟು ಇದು ನಮ್ಮ ಹಬ್ಬ ಅಂತ ಹೇಳಬಹುದಾದ ಜಾಗ ಆಗ ಊರಿನ ಹೊರಗೇ ಇತ್ತು. ಅಮೆರಿಕದ ಮಿಷಿಗನ್‌ನಲ್ಲಿ 1965ರಲ್ಲಿ ಶುರುವಾದ ಗಾರೆಜರ್ಸ್ ಶಿಬಿರ, ಇಲ್ಲಿನ ಸ್ಟ್ರೌಮೆನಿ, ಹೀಗೆ. ಈಗ ಲಾಟ್ವಿಯಾದಲ್ಲಿ ಜೂನ್ 23, 24 ಎರಡೂ ದಿನ ಸರ್ಕಾರಿ ರಜೆ.

ಹೊರಗಿದ್ದು ಕಾಪಾಡುವುದು ಅವರಿಗೆ ಹಳೇ ರೂಢಿ ಅಂತಲೂ ಅನಿಸುತ್ತದೆ. ಕ್ರಿಶ್ಯಾನಿಸ್ ಬರೋನ್ಸ್ ಅಂತ ಒಬ್ಬರಿದ್ದರು. ದೈನಾ ಅನ್ನುವ ಜನಪದ ಹಾಡುಗಳನ್ನು ಚೀಟಿಗಳಲ್ಲಿ ಬರೆದು ವಿಂಗಡಿಸಿಟ್ಟವರು. ಹೆಚ್ಚಿನವು ನಾಲ್ಕೇ ಸಾಲಿನವು, ನಮ್ಮ ಬೀಸುವ ಕಲ್ಲಿನ ತ್ರಿಪದಿಗಿಂತ ಒಂದು ಸಾಲು ಉದ್ದ. ಅವರು ಮಾಡಿಸಿದ 70 ಡ್ರಾಯರಿನ ಬೀರು ಈಗ ರಾಜಧಾನಿ ರಿಗಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ, ಎರಡೂವರೆ ಲಕ್ಷಕ್ಕೂ ಹೆಚ್ಚು ಚೀಟಿ. ಆ ಬೀರು ತಯಾರಾಗಿದ್ದು ಎಲ್ಲಿ ಗೊತ್ತಾ? ಮಾಸ್ಕೋದಲ್ಲಿ, 1880ರಲ್ಲಿ. ಬರೋನ್ಸ್ ಆಗ ಅಲ್ಲಿ ಮನೆಪಾಠದ ಮೇಷ್ಟ್ರು. ಊರಿನಿಂದ ಕಾಗದದಲ್ಲಿ ಹಾಡು ಬರುತ್ತಿದ್ದವು, ಪರವೂರಲ್ಲಿ ಕೂತು ಡ್ರಾಯರಿಗೆ ಹಾಕುತ್ತಿದ್ದರು. ನಮ್ಮ ಹಲಸಂಗಿಯ ಗೆಳೆಯರು ಹಾಡು ಕೂಡಿಸಿದ್ದು ತಮ್ಮ ಊರಲ್ಲೇ ಇದ್ದುಕೊಂಡು. ವೈರಾ ವೀಕೆ ಫ್ರೈಬೆರ್ಗಾ ಅವರದ್ದು ಇನ್ನೂ ದೊಡ್ಡ ಕಥೆ. ಏಳು ವರ್ಷಕ್ಕೆ ಊರು ಬಿಟ್ಟು, ಜರ್ಮನಿಯ ಕ್ಯಾಂಪು, ಮೊರಾಕೊ ಸುತ್ತಿ ಕೆನಡಾ ಸೇರಿದ ಹುಡುಗಿ. ಮಾಂಟ್ರಿಯಲ್‌ನಲ್ಲಿ ಪ್ರೊಫೆಸರ್ ಆಗಿದ್ದುಕೊಂಡು ಸೂರ್ಯನ ಹಾಡುಗಳನ್ನು ಕಂಪ್ಯೂಟರಿಗೆ ಹಾಕಿಸಿ ಅಧ್ಯಯನ ಮಾಡಿದರು. 1999ರಲ್ಲಿ ಲಾಟ್ವಿಯಾದ ಅಧ್ಯಕ್ಷೆಯಾದರು.

ಈಗ ನಮ್ಮ ಕಥೆ. ಎರಡು ವರ್ಷ ನಾನೇ ನಮ್ಮೂರಿನ ಕನ್ನಡ ಬಳಗವೊಂದರ ಕಾರ್ಯದರ್ಶಿ, ಹಾಗಾಗಿ ಬೈಯುವುದಾದರೆ ಮೊದಲು ನನ್ನನ್ನೇ ಬೈಯಬೇಕು. ಯುಗಾದಿ ಯಾವತ್ತು? ಶಾಲೆಯ ಹಾಲ್ ಖಾಲಿ ಇದ್ದ ಶನಿವಾರ. ಬೇವು ಬೆಲ್ಲ ಪ್ಲಾಸ್ಟಿಕ್ ಲೋಟದಲ್ಲಿ. ಆಮೇಲೆ ಇನ್ನೂರು ಕುರ್ಚಿ ಸಾಲಾಗಿ ಹಾಕುವ ಕೆಲಸ. ಸ್ವಾಗತ, ದೀಪ ಬೆಳಗುವುದು, ಮುಖ್ಯ ಅತಿಥಿ, ಶಾಲು, ಹಾರ, ಎರಡು ಮಾತು. ಆ ಎರಡು ಮಾತು ಇಪ್ಪತ್ತೈದು ನಿಮಿಷ. ಮಕ್ಕಳ ಡ್ಯಾನ್ಸ್, ಡ್ಯಾನ್ಸಿನ ಮಕ್ಕಳ ಅಪ್ಪಅಮ್ಮ ವೀಡಿಯೋ ಮಾಡಿಕೊಂಡು ಮೆಲ್ಲಗೆ ಊಟದ ಸಾಲಿಗೆ. ಒಂದು ವರ್ಷ ಅಡುಗೆಯವರು ಒಬ್ಬಟ್ಟು ಕಡಿಮೆ ತಂದರು. ವಂದನಾರ್ಪಣೆಯ ಹೊತ್ತಿಗೆ ಹಾಲ್‌ನಲ್ಲಿ ಇದ್ದವರು ಮೈಕಿನವನು ಮತ್ತು ನಾನು.

ಇನ್ನೂರು ಜನರಲ್ಲಿ ಏನಾದರೂ ಮಾಡಿದವರು ಮೂವತ್ತು. ಉಳಿದವರು ನೋಡಿದರು. ಅದೇ ನನಗೆ ಕೊರೆಯುವುದು. ನೋಡಿದ ಹಬ್ಬ ಕೈಗೆ ಬರುವುದಿಲ್ಲ. ಕ್ಯಾಥಾರ್ಪಿನಲ್ಲೂ ತಡರಾತ್ರಿ ಮೈಕು, ಬ್ಯಾಂಡು, ಕುಣಿತ ಎಲ್ಲ ಬಂತು. ಅವರೇನು ಋಷಿಗಳಲ್ಲ. ಹಬ್ಬವನ್ನು ಹತ್ತಿರದ ಶನಿವಾರಕ್ಕೆ ತಳ್ಳುವುದು ಅವರಲ್ಲೂ ಇದೆ. ಆದರೆ ಅದಕ್ಕೆ ಮೊದಲು ಬೆಂಕಿಯ ಸುತ್ತ ನಿಂತ ಯಾರೂ ಸುಮ್ಮನೆ ನಿಂತಿರಲಿಲ್ಲ. ನನ್ನ ಒಂಬತ್ತು ವರ್ಷದ ಮಗಳು ಅರ್ಧ ಗಂಟೆಯಲ್ಲಿ ಲೀಗ್ವೊ ಹಿಡಿದುಬಿಟ್ಟಳು, ಯಾರೂ ಅವಳಿಗೆ ರಿಹರ್ಸಲ್ ಮಾಡಿಸಿರಲಿಲ್ಲ.

ನಮ್ಮ ಪರವಾಗಿಯೂ ವಾದ ಇದೆ, ಹೇಳದಿದ್ದರೆ ಅನ್ಯಾಯ. ಅವರಿಗೆ ಎಲ್ಲರೂ ಒಪ್ಪುವ ಒಂದು ರಾತ್ರಿ ಇದೆ. ನಮ್ಮಲ್ಲಿ ಬಯಲುಸೀಮೆಯ ಕಾರ ಹುಣ್ಣಿಮೆ ಕರಾವಳಿಯವರಿಗೆ ಗೊತ್ತಿಲ್ಲ, ಕರಾವಳಿಯ ಆಟಿ ಬಯಲುಸೀಮೆಯವರಿಗೆ ಗೊತ್ತಿಲ್ಲ. ಒಬ್ಬರು ತಿನ್ನುವುದು ಇನ್ನೊಬ್ಬರು ತಿನ್ನುವುದಿಲ್ಲ. ನಮ್ಮ ಹಬ್ಬದ ಜೀವ ಇರುವುದು ಅಡುಗೆಮನೆಯಲ್ಲಿ, ದೇವರ ಮುಂದೆ. ಅದು ಹಾಲ್‌ಗೆ ಬರುವುದಿಲ್ಲ, ವೇದಿಕೆ ಮಾತ್ರ ಬರುತ್ತದೆ. ಜೊತೆಗೆ ನಾವು ಓಡಿಬಂದವರಲ್ಲ. ಟಿಕೆಟ್ ತೆಗೆದುಕೊಂಡು ಬಂದವರು, ಡಿಸೆಂಬರಿನಲ್ಲಿ ಹೋಗಿ ಬರುವವರು. ಊರಲ್ಲಿ ಎಲ್ಲ ಹಾಗೇ ಇದೆ ಅಂತ ನಂಬಿಕೊಂಡವರು.

ಜಗಳದ ವಿಷಯದಲ್ಲಂತೂ ಇಬ್ಬರೂ ಒಂದೇ. 2004ರಲ್ಲಿ ಲಾಟ್ವಿಯಾ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಇಲ್ಲಿಗೂ ಐರ್ಲೆಂಡಿಗೂ ಹೊಸಬರು ದಂಡಿಯಾಗಿ ಬಂದರು. ಹಳಬರ ಮಕ್ಕಳು ಆಡುವ ಲಾಟ್ವಿಯನ್ ಹೊಸಬರಿಗೆ ಅಜ್ಜನ ಕಾಲದ್ದು. ಹೊಸಬರು ಹಚ್ಚುವ ಪಾಪ್ ಹಾಡು ಹಳಬರಿಗೆ ಸೇರುವುದಿಲ್ಲ. ನನ್ನ ಗೆಳತಿ ಹೊಸಬರ ಪೈಕಿ. "ಇಷ್ಟು ಹಾಡು ನಮ್ಮೂರಲ್ಲೂ ಯಾರಿಗೂ ಬರಲ್ಲ. ನಾನು ಕಲಿತದ್ದೇ ಇಲ್ಲಿಗೆ ಬಂದ ಮೇಲೆ" ಅಂದರು. ನಮ್ಮಲ್ಲೂ ಎಪ್ಪತ್ತರ ದಶಕದಲ್ಲಿ ಬಂದ ಡಾಕ್ಟರುಗಳಿಗೂ ಈಗಿನ ಸಾಫ್ಟ್‌ವೇರ್ ಹುಡುಗರಿಗೂ ಭಾವಗೀತೆಯಾ ಸಿನಿಮಾ ಹಾಡಾ ಅಂತ ನಡೆಯುತ್ತಲೇ ಇರುತ್ತದಲ್ಲ, ಹಾಗೆ.

ಬೆಳಗಿನ ತನಕ ಎಚ್ಚರ ಇರುವುದು ಹೇಳಿದಷ್ಟು ಸುಲಭ ಅಲ್ಲ. ರಿಗಾದಲ್ಲಿ ಆ ರಾತ್ರಿ ಬರೀ ಆರು ಗಂಟೆ. ಇಲ್ಲಿ ಏಳು ದಾಟುತ್ತದೆ. ಮಿಷಿಗನ್‌ನಲ್ಲಿ ಒಂಬತ್ತರ ಹತ್ತಿರ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಜೂನ್ ಅಂದರೆ ಚಳಿಗಾಲ, ರಾತ್ರಿಯೇ 14 ಗಂಟೆ! ವರ್ಷದ ಅತಿ ಚಿಕ್ಕ ರಾತ್ರಿಯ ಹಬ್ಬ ಅಲ್ಲಿ ಅತಿ ದೊಡ್ಡ ರಾತ್ರಿಯ ಮೇಲೆ ಬಂದು ಕೂತಿದೆ. ಕೆಲವು ಜೋಡಿಗಳು ಜರೀಗಿಡದ ಹೂ ಹುಡುಕಲು ಅಂತ ಬೇಲಿಯ ಆಚೆ ಹೋದರು. ಜರೀಗಿಡ ಹೂ ಬಿಡುವುದಿಲ್ಲ. ಅವರಿಗೂ ಗೊತ್ತು, ಕಳಿಸಿದವರಿಗೂ ಗೊತ್ತು. ನಾನು ಮೂರೂವರೆಗೆ ಕಾರಿನಲ್ಲಿ ನಿದ್ದೆ ಹೋಗಿದ್ದೆ. ಮಗಳು ಕಿಟಕಿ ಬಡಿದು ಎಬ್ಬಿಸಿದಾಗ ಅವಳ ಮುಖ ಒದ್ದೆ. ಹುಲ್ಲಿನ ಇಬ್ಬನಿಯಲ್ಲಿ ತೊಳೆದುಕೊಂಡು ಬಂದಿದ್ದಳು.

ಆ ಅಕ್ಟೋಬರಿನಲ್ಲಿ ನನಗೊಂದು ಹುಚ್ಚು ಹತ್ತಿತು. ದೀಪಾವಳಿಗೆ ನಮ್ಮ ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆ ಇದೆ. ಗಂಡಸರ ಗುಂಪು ದೀಪ ಹಿಡಿದು ರಾತ್ರಿಯಿಡೀ ಮನೆ ಮನೆಗೆ ಹಾಡಿಕೊಂಡು ಹೋಗುವುದು, ಮನೆಯವರು ದೀಪಕ್ಕೆ ಎಣ್ಣೆ ಎರೆದು ಕೈಲಾದದ್ದು ಕೊಡುವುದು. ಕುರ್ಚಿ ಬೇಡ, ಹಾಲ್ ಬೇಡ. ನಮ್ಮ ಬೀದಿಯ ಆಸುಪಾಸಿನಲ್ಲೇ ಐದು ಕನ್ನಡದ ಮನೆ ಇವೆ. ಹೋಗೋಣ ಅಂತ ನಾಲ್ಕು ಜನ ಒಪ್ಪಿದರು. ಹಾಡು ಮಾತ್ರ ಯಾರಿಗೂ ಬರುವುದಿಲ್ಲ. ಹುಡುಗನಾಗಿದ್ದಾಗ ನಾನು ಗುಂಪಿನ ಹಿಂದೆ ನಡೆದವನು, ಮುಂದೆ ಹಾಡಿದವನಲ್ಲ.

ಊರಲ್ಲಿ ದೊಡ್ಡಪ್ಪನಿಗೆ ಫೋನು ಮಾಡಿದೆ. "ಈಗೆಲ್ಲುಂಟೋ ಅಂಟಿಗೆ ಪಂಟಿಗೆ. ನಮ್ಮ ಕೇರಿಯ ಹುಡುಗ್ರೆಲ್ಲ ಬೆಂಗಳೂರಲ್ಲಿ. ನಾಲ್ಕು ವರ್ಷ ಆಯ್ತು ಇಲ್ಲಿ ದೀಪ ಹೊರಡದೆ" ಅಂದರು. ಹಾಡಿ ದೊಡ್ಡಪ್ಪ, ರೆಕಾರ್ಡ್ ಮಾಡ್ಕೊಳ್ತೀನಿ ಅಂದೆ. ಕೆಮ್ಮಿ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು. ಮೂರು ಸಾಲು ಬಂತು. ನಾಲ್ಕನೆಯದಕ್ಕೆ ನಿಂತರು. ಮತ್ತೆ ಮೊದಲಿನಿಂದ ಹೇಳಿದರು, ಅಲ್ಲೇ ಬಂದು ನಿಂತರು.

"ತಡಿ, ಕೇಳಿ ಕೇಳಿ ನಿನ್ನ ದೊಡ್ಡಮ್ಮಂಗೆ ಬಾಯಿಪಾಠ ಆಗಿತ್ತು" ಅಂದರು. "ಈಗ ಕೊಟ್ಟಿಗೆಯಲ್ಲಿದ್ದಾಳೆ. ಹಾಲು ಕರೆದು ಬರಲಿ, ಆಮೇಲೆ ಮಾಡು."