ಟರ್ಫ್ ಬಂತು, ಬೌಲರ್ ಓಡೋದೆಲ್ಲಿ?

‘ಚಿಕ್ಕಮಗಳೂರಿನಲ್ಲಿ ಖಾಸಗಿ ಟರ್ಫ್ ಹೆಚ್ಚಿದಷ್ಟೂ ನಮ್ಮ ಹುಡುಗರು ರಾಜ್ಯ ತಂಡಕ್ಕೆ ಹತ್ತಿರ’ ಎಂಬ ಲೇಖನದ ಮಾತನ್ನು ಒಪ್ಪಲಾಗದು. ಟರ್ಫ್ ಅಂದರೆ ಸುತ್ತ ಬಲೆ ಕಟ್ಟಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕೃತಕ ಹುಲ್ಲಿನ ಅಂಕಣ. ಅಳತೆ ನೋಡಿ: ಪಿಚ್ಚೇ 20.12 ಮೀಟರ್, ವೇಗಿಯ ಓಟಕ್ಕೆ 15–20, ಹಿಂದೆ ಕೀಪರ್‌ಗೆ ಹತ್ತಾದರೂ ಬೇಕು. 30–35 ಮೀಟರಿನ ಬಲೆಯೊಳಗೆ ಹುಡುಗ ನಾಲ್ಕು ಹೆಜ್ಜೆ ಹಾಕಿ ಬರೀ ಭುಜದ ಬಲದಿಂದ ಎಸೆಯುತ್ತಾನೆ. ಅಲ್ಲಿ ಆಡುವ ಟೆನಿಸ್ ಚೆಂಡಿಗೆ ಉಬ್ಬು ಹೊಲಿಗೆ (ಸೀಮ್) ಇಲ್ಲ, ಚೆಂಡನ್ನು ಗಾಳಿಯಲ್ಲೇ ಬಾಗಿಸುವ ಸ್ವಿಂಗ್ ಕಲಿಯೋದು ಹೇಗೆ?

ಟರ್ಫ್‌ಗೆ ಹಾಕಿದ ಬಂಡವಾಳ ವಾಪಸಾಗೋದು ಸಂಜೆ ಆರರ ನಂತರದ ಗಂಟೆ ಬಾಡಿಗೆಯಿಂದ, ಅಂದರೆ ಕೆಲಸ ಮುಗಿಸಿ ಬರುವ ದೊಡ್ಡವರಿಂದ. ಶಾಲೆ ಬಿಟ್ಟು ಬರುವ ಮಕ್ಕಳು ಅಲ್ಲಿ ಗಿರಾಕಿಗಳೇ ಅಲ್ಲ.

ಇನ್ನು ಮಲೆನಾಡಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಹರಿಯುವ ಇಳಿಜಾರು ಸರಿಯಿಲ್ಲದಿದ್ದರೆ ಹುಲ್ಲೆಳೆಗಳ ನಡುವಿನ ಮರಳು, ರಬ್ಬರ್ ಹರಳು ಕೊಚ್ಚಿ ಒಂದು ಮೂಲೆ ಸೇರುತ್ತವೆ, ಉಳಿದ ಕಡೆ ಪಾಚಿ. ವಾರಕ್ಕೊಮ್ಮೆ ಬ್ರಷ್ ಮಾಡಿ ಹರಳು ಸಮ ಮಾಡದಿದ್ದರೆ ನೆಲ ಗಟ್ಟಿಯಾಗಿ ಪೆಟ್ಟು ಮೊಣಕಾಲಿಗೆ, ಹಿಮ್ಮಡಿಗೆ. (ಉದ್ಘಾಟನೆಗೆ ಬಂದವರು ಇದನ್ನು ಕೇಳೋದಿಲ್ಲ ಬಿಡಿ.)

ಖಾಸಗಿ ದುಡ್ಡು ಬೇಡ ಅಂತಲ್ಲ. ಅದೇ ದುಡ್ಡಲ್ಲಿ ಕಾಂಕ್ರೀಟ್ ತಳಕ್ಕೆ ತೆಂಗಿನ ನಾರಿನ ಮ್ಯಾಟ್ ಬಿಗಿದು, ಬೌಲರ್‌ನ ಪೂರ್ತಿ ಓಟಕ್ಕೆ ಜಾಗ ಇಟ್ಟು ಲೆದರ್ ಚೆಂಡಿನ ನೆಟ್ಸ್ ಮಾಡಬಹುದು. ಭಾರತ ಮಹಿಳಾ ತಂಡಕ್ಕೆ ಆಡಿದ ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಅವರೂ ತರಬೇತಿಗೆ ಬೆಂಗಳೂರಿಗೇ ಹೋಗಬೇಕಾಯಿತು. ಟರ್ಫ್‌ಗೆಂದು ಶಾಲಾ ಮೈದಾನವನ್ನು ಗುತ್ತಿಗೆ ಕೊಡುವವರು ಕರಾರಿನಲ್ಲೇ ಎರಡು ಸಾಲು ಬರೆಸಲಿ: ಸಂಜೆ 4ರಿಂದ 6 ಮಕ್ಕಳಿಗೆ ಮೀಸಲು, 13 ವರ್ಷದೊಳಗಿನ ವೇಗಿಗೆ ಒಂದು ಸ್ಪೆಲ್‌ಗೆ (ಬಿಡುವಿಲ್ಲದೆ ಎಸೆಯುವ ಒಂದು ಸರದಿಗೆ) 5 ಓವರಿಗಿಂತ ಹೆಚ್ಚಿಲ್ಲ. ಬೆನ್ನುಮೂಳೆ ಇನ್ನೂ ಬಲಿಯದ ವಯಸ್ಸದು.