ಯಮನಿಗೆ ಕಾಂಪೌಂಡ್ ಡ್ಯೂಟಿ

ಹಾಸನದಲ್ಲಿ ನಮ್ಮ ಬೀದಿಯ ತುದಿಗೆ ಒಂದು ಉದ್ದನೆಯ ಕಾಂಪೌಂಡ್ ಇದೆ. ಅದರ ಮೇಲೆ ಮೊದಲು ‘ಇಲ್ಲಿ ಮೂತ್ರ ಮಾಡಬಾರದು’ ಅಂತ ಬರೆದಿತ್ತು. ಜನ ಅಕ್ಷರಕ್ಕೇ ಗುರಿಯಿಟ್ಟರು. ಆಮೇಲೆ ‘ಮಾಡಿದವರಿಗೆ ದಂಡ’ ಅಂತ ಬಂತು. ದಂಡ ಹಾಕೋರು ಯಾರೂ ಕಾಣದೆ ಜನ ಮುಂದುವರಿಸಿದರು. ಈ ಸಲ ಮಾಲೀಕರು ತಲೆ ಓಡಿಸಿದ್ದಾರೆ. ಗೋಡೆಗೆ ದೇವರ ಟೈಲ್ಸ್ ಬಂದಿದೆ. ಗಣಪತಿ, ವೆಂಕಟರಮಣ, ಮಂಜುನಾಥ, ಪಕ್ಕದಲ್ಲಿ ಏಸು, ಅದರ ಪಕ್ಕ ಮೆಕ್ಕಾ. ಸರ್ವಧರ್ಮ ಸಮ್ಮೇಳನ ಇಷ್ಟು ಅಗ್ಗಕ್ಕೆ, ಒಂದೂ ಭಾಷಣವಿಲ್ಲದೆ ಬೇರೆಲ್ಲೂ ನಡೆದಿರಲಿಕ್ಕಿಲ್ಲ.

ಫಲ ಸಿಕ್ಕಿದೆ. ಟೈಲ್ಸ್ ಇರುವಷ್ಟು ಜಾಗ ಒಣಗಿದೆ. ಮೊನ್ನೆ ಸಂಜೆ ಒಬ್ಬ ಮಹಾನುಭಾವ ಅವಸರದಲ್ಲಿ ಬಂದ. ಜಿಪ್ಪಿಗೆ ಕೈ ಹಾಕಿದವನು ಮಂಜುನಾಥನನ್ನು ಕಂಡು ಬೆಚ್ಚಿದ. ಅದೇ ಕೈಯಲ್ಲಿ ಕೆನ್ನೆ ಕೆನ್ನೆ ಬಡಿದುಕೊಂಡ. ಕಣ್ಣು ಮುಚ್ಚಿ ಏನೋ ಗೊಣಗಿದ. ಐದು ಹೆಜ್ಜೆ ಪಕ್ಕಕ್ಕೆ ಹೋದ. ಅಲ್ಲಿಗೆ ಟೈಲ್ಸ್ ಮುಗಿದಿತ್ತು. ಅಲ್ಲಿ ಆರಾಮಾಗಿ ಕೆಲಸ ಮುಗಿಸಿ, ಮೈಮೇಲೆ ಒಂದು ಪಾಪವೂ ಇಲ್ಲದವನ ಹಾಗೆ ಹೊರಟುಹೋದ.

ನರಕದ ಭಯ ನಮ್ಮಲ್ಲಿ ಚದರಡಿ ಲೆಕ್ಕದಲ್ಲಿ ಸಿಗುತ್ತದೆ. ಎಷ್ಟು ಟೈಲ್ಸ್ ಅಂಟಿಸಿದ್ದೀರೋ ಅಷ್ಟು ಧರ್ಮ. ಆ ರಸ್ತೆಯಲ್ಲಿ ಒಂದು ಶೌಚಾಲಯ ಕಟ್ಟಿಸಿದ್ದರೆ ಇಷ್ಟು ದೇವರುಗಳಿಗೆ ಈ ವಾಚ್‌ಮನ್ ಡ್ಯೂಟಿ ತಪ್ಪುತ್ತಿತ್ತು. ಆದರೆ ಶೌಚಾಲಯಕ್ಕೆ ಟೆಂಡರ್ ಆಗಬೇಕು, ನೀರು ಬೇಕು, ತೊಳೆಯೋರು ಬೇಕು. ಯಮನಿಗೆ ಸಂಬಳವೂ ಇಲ್ಲ, ಪಿಎಫ್ಫೂ ಇಲ್ಲ.

ಕಾಫಿ ಹೋಟೆಲಿನಲ್ಲಿ ಈ ಮಾತು ಬಂದಾಗ ಬೆಂಗಳೂರಿಂದ ರಜೆಗೆ ಬಂದಿದ್ದ ಹುಡುಗ ಒಬ್ಬ ರೇಗಿದ. “ಮೇಷ್ಟ್ರೆ, ಸ್ವರ್ಗ ಸಿಗುತ್ತೆ ಅಂತ ಒಳ್ಳೇದು ಮಾಡೋದು, ನರಕಕ್ಕೆ ಹೆದರಿ ಕೆಟ್ಟದ್ದು ಬಿಡೋದು, ಎರಡೂ ಸ್ವಾರ್ಥ ಅಲ್ವಾ? ಎಫ್‌ಡಿ ಇಟ್ಟ ಹಾಗಾಯ್ತು ಅಷ್ಟೆ.”

ರಿಟೈರ್ಡ್ ಮೇಷ್ಟ್ರು ಲೋಟ ಕೆಳಗಿಟ್ಟರು. “ಎಫ್‌ಡಿ ಇಟ್ಟವನನ್ನ ಯಾರಾದ್ರೂ ಕಳ್ಳ ಅಂತಾರೇನಪ್ಪಾ? ಅನ್ನದಾನದಲ್ಲಿ ಕೂತವನಿಗೆ ಹೊಟ್ಟೆ ತುಂಬ್ತೋ ಇಲ್ವೋ ಅಷ್ಟು ನೋಡು. ಬಡಿಸೋನ ಮನಸ್ಸಿನ ಎಕ್ಸ್‌ರೇ ನಿನಗ್ಯಾಕೆ?”

“ಹಾಗಾದ್ರೆ ಧರ್ಮರಾಯ ಕಾಡಲ್ಲಿ ದ್ರೌಪದಿಗೆ ಏನಂದ ಸಾರ್? ನೀವೇ ತಾನೆ ಪಾಠ ಮಾಡಿದ್ದು.”

ಮೇಷ್ಟ್ರು ಸಿಕ್ಕಿಬಿದ್ದರು. ಇಷ್ಟು ಧರ್ಮ ಮಾಡಿ ನಿಮಗೆ ಸಿಕ್ಕಿದ್ದಾದರೂ ಏನು ಅಂತ ದ್ರೌಪದಿ ಕೇಳುತ್ತಾಳೆ. ಫಲ ಬೇಕು ಅಂತ ನಾನು ಮಾಡುತ್ತಿಲ್ಲ, ಧರ್ಮವನ್ನು ವ್ಯಾಪಾರ ಮಾಡುವವನು ಎಲ್ಲರಿಗಿಂತ ಕೀಳು ಅನ್ನುತ್ತಾನೆ ಅವನು. ಮೇಷ್ಟ್ರು ಒಪ್ಪಿಕೊಂಡರು, ಆದರೆ ಸೋಲಲಿಲ್ಲ. “ಅಂದ, ಸರಿ. ಕೊನೆಗೆ ಹೋಗಿದ್ದು ಸ್ವರ್ಗಕ್ಕೇ ತಾನೆ. ಹೋಗಿ ನೋಡಿದ್ರೆ ದುರ್ಯೋಧನ ಆಗಲೇ ಒಳಗೆ ಕೂತಿದ್ದ!”

“ಅವನಿಗೆ ಯಾರು ಪಾಸ್ ಕೊಡ್ಸಿದ್ರೋ?” ಅಂದರು ಕ್ಯಾಶ್‌ನಲ್ಲಿದ್ದ ಗೌಡರು.

ಪಾಸ್ ಅಂದರೆ ಹಾಸನದವರಿಗೆ ಬೇರೆ ವಿವರಣೆ ಬೇಡ. ಹಾಸನಾಂಬೆ ಬಾಗಿಲು ತೆರೆಯೋದು ವರ್ಷಕ್ಕೊಮ್ಮೆ, ದೀಪಾವಳಿ ಸುಮಾರಿಗೆ. ಸಾವಿರ ರೂಪಾಯಿಯ ಸಾಲು ಒಂದು, ಮುನ್ನೂರರ ಸಾಲು ಒಂದು, ದುಡ್ಡಿಲ್ಲದವರ ಸಾಲು ಒಂದು. ಇದರ ಮೇಲೆ ವಿಐಪಿ ಪಾಸೂ ಇತ್ತು, ಆ ಪಾಸಿಗಾಗಿ ರಂಪವೂ ನಡೆಯಿತು. ಅದನ್ನೆಲ್ಲ ನೀವು ಟೀವಿಯಲ್ಲಿ ನೋಡಿದ್ದೀರಿ, ಮತ್ತೆ ಹೇಳೋದು ಬೇಡ. ಗುಡಿಯ ಒಳಗೆ ಅತ್ತೆಯ ಕಾಟ ತಾಳದೆ ಕಲ್ಲಾದ ಸೊಸೆ ಇದ್ದಾಳೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ಮುಂದೆ ಸರಿಯುತ್ತದಂತೆ. ದೇವಿಯ ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ದುಡ್ಡಿಲ್ಲದ ಸಾಲಿನಲ್ಲಿ ನಿಂತವರಿಗೆ ಸೊಸೆಯೇ ನಮಗಿಂತ ಮೊದಲು ಮುಟ್ಟುತ್ತಾಳೆ ಅನ್ನಿಸುವುದು ಸಹಜ. ದೇವಿಯ ಒಡವೆ ಕದಿಯಲು ಬಂದ ನಾಲ್ವರು ಕಳ್ಳರೂ ಅಲ್ಲೇ ಕಲ್ಲಾಗಿದ್ದಾರೆ ಅಂತ ಕಥೆ. ಈಗ ಆಕೆ ಆ ಪದ್ಧತಿ ನಿಲ್ಲಿಸಿದ್ದಾಳೆ. ಅಷ್ಟು ಜಾಗ ಎಲ್ಲಿದೆ?

ಪುಣ್ಯ ಮಾಡುವವರ ಜಾಣತನ ನೋಡಬೇಕಾದರೆ ಮಾರ್ಚ್ ತಿಂಗಳಲ್ಲಿ ಆಡಿಟರ್ ಆಫೀಸಿಗೆ ಹೋಗಿ. “ಸಾರ್, ಆ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟಿದ್ದು 80ಜಿ ಅಡಿ ಬರುತ್ತಾ?” ಪರಲೋಕದಲ್ಲಿ ಪೂರ್ತಿ ಪುಣ್ಯ, ಇಹಲೋಕದಲ್ಲಿ ತೆರಿಗೆ ವಿನಾಯಿತಿ. ಒಂದೇ ರಸೀದಿ, ಎರಡು ಲೋಕ. ಆದರೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಇನ್ಕಂ ಟ್ಯಾಕ್ಸಿನವರು ಒಪ್ಪುವುದಿಲ್ಲ. ಚಿತ್ರಗುಪ್ತ ಇನ್ನೂ ನಗದು ತೊಗೊಳ್ತಾನೆ ಅನ್ನುವ ಧೈರ್ಯದ ಮೇಲೆ ನಮ್ಮ ಹುಂಡಿಗಳು ನಡೆಯುತ್ತಿವೆ.

ಕರ್ಣನ ಕಥೆ ಕೇಳಿರುತ್ತೀರಿ. ಬದುಕಿರುವಾಗ ಚಿನ್ನ ದಾನ ಮಾಡಿದ, ಅನ್ನ ಹಾಕಲಿಲ್ಲ. ಸ್ವರ್ಗದಲ್ಲಿ ಹಸಿದು ಕೂತಾಗ ತಟ್ಟೆಗೆ ಚಿನ್ನವನ್ನೇ ಬಡಿಸಿದರು. ಹದಿನೈದು ದಿನ ರಜೆ ಹಾಕಿ ಭೂಮಿಗೆ ಬಂದು ಅನ್ನದಾನ ಮಾಡಿ ಹೋದ, ಅದೇ ಪಿತೃಪಕ್ಷ ಅನ್ನುತ್ತಾರೆ. ಕೊಟ್ಟಿದ್ದೇ ತಟ್ಟೆಗೆ ಬರುವುದಾದರೆ ನಮ್ಮ ಊರಿನ ದಾನಿಗಳ ಗತಿ ನೆನೆಸಿಕೊಂಡರೆ ಹೊಟ್ಟೆ ಚುರುಕ್ ಅನ್ನುತ್ತದೆ. ಊಟಕ್ಕೆ ಕೂತರೆ ಮುಂದೆ ಗ್ರಾನೈಟ್ ಬೆಂಚು. ಅದರ ಮೇಲೆ ಅವರದೇ ಹೆಸರು, ತಂದೆಯ ಹೆಸರು, ಮೊಬೈಲ್ ನಂಬರು. ನಂಚಿಕೊಳ್ಳಲು ಒಂದು ಟ್ಯೂಬ್‌ಲೈಟು.

ಇದೇ ಜಿಲ್ಲೆಯಲ್ಲಿ ಇದಕ್ಕೆ ಉತ್ತರ ಹೇಳಿದ ಅಜ್ಜಿ ಒಬ್ಬಳಿದ್ದಾಳೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಎದುರಿಗೇ ಕಲ್ಲಿನ ಮೂರ್ತಿಯಾಗಿ ನಿಂತಿದ್ದಾಳೆ. ಗಂಗರ ಮಂತ್ರಿ ಚಾವುಂಡರಾಯ ಅಷ್ಟೆತ್ತರದ ಮೂರ್ತಿ ಕೆತ್ತಿಸಿ ಕೊಡಗಟ್ಟಲೆ ಹಾಲು ಸುರಿಸಿದ. ಹಾಲು ಸೊಂಟದಿಂದ ಕೆಳಗೆ ಇಳಿಯಲೇ ಇಲ್ಲ. ಕೊನೆಗೆ ಈ ಮುದುಕಿ ಗುಳ್ಳಕಾಯಿ ಅನ್ನೋ ಒಂದು ಪುಟ್ಟ ಕಾಯಿಯಲ್ಲಿ ತಂದ ಚೂರು ಹಾಲು ಹೊಯ್ದಳು. ಮೂರ್ತಿ ಪೂರ್ತಿ ನೆನೆಯಿತು, ಬೆಟ್ಟದಿಂದ ಹಾಲು ಹರಿಯಿತು. ಗುಳ್ಳಕಾಯಜ್ಜಿ ಏನು ಬೇಡಿಕೊಂಡಳು? ಕಥೆಯಲ್ಲಿ ಅದರ ಸುದ್ದಿಯೇ ಇಲ್ಲ. ಸುಮ್ನೆ ಬಂದಳು, ಹೊಯ್ದಳು. ಆದರೆ ನಮಗೆ ಇದನ್ನು ಅರಗಿಸಿಕೊಳ್ಳೋಕೆ ಆಗಲಿಲ್ಲ. ಆಕೆ ಮುದುಕಿಯೇ ಅಲ್ಲ, ಕೂಷ್ಮಾಂಡಿನಿ ದೇವಿಯೇ ವೇಷ ಹಾಕಿ ಬಂದಿದ್ದಳು ಅಂದುಬಿಟ್ಟೆವು. ಒಬ್ಬ ಬಡ ಹೆಂಗಸು ಏನೂ ಬೇಡದೆ ಒಳ್ಳೇದು ಮಾಡಿದಳು ಅಂದರೆ ನಂಬುವುದು ಕಷ್ಟ. ದೇವಿ ಅಂದರೆ ಸಮಾಧಾನ.

ಜೈನರಲ್ಲಿ ಲೆಕ್ಕ ಇನ್ನೂ ಬಿಗಿ. ಪಾಪ ಕಬ್ಬಿಣದ ಬೇಡಿಯಾದರೆ ಪುಣ್ಯ ಚಿನ್ನದ ಬೇಡಿ, ಎರಡೂ ಕಟ್ಟಿಹಾಕುತ್ತವೆ ಅನ್ನುತ್ತಾರೆ. ಗೌಡರಿಗೆ ಇದನ್ನು ಹೇಳಿದೆ. “ಎಷ್ಟು ಗ್ರಾಮು?” ಅಂದರು.

2018ರ ಮಹಾಮಸ್ತಕಾಭಿಷೇಕದಲ್ಲಿ ಮೊದಲ ಕಳಶ 11 ಕೋಟಿ ರೂಪಾಯಿಗೂ ಮೀರಿ ಹೋಯಿತು. ಇದನ್ನು ಹೇಳಿ ನಗೋಣ ಅಂದುಕೊಂಡರೆ, ಆ ದುಡ್ಡು ಆಸ್ಪತ್ರೆ ಕಟ್ಟೋಕೆ ಅಂತ ಆಗ ಹೇಳಿದ್ದರು. ಅಲ್ಲಿಗೆ ಮೇಷ್ಟ್ರ ಮಾತು ಗೆಲ್ಲುತ್ತದೆ. ಆಸ್ಪತ್ರೆಯ ಮಂಚದಲ್ಲಿ ಮಲಗಿದವನಿಗೆ ಕಳಶ ಹಿಡಿದವನ ಮನಸ್ಸಿನಲ್ಲಿ ಸ್ವರ್ಗ ಇತ್ತೋ ಫೋಟೋ ಇತ್ತೋ, ಏನಾಗಬೇಕು?

ಚಿಕ್ಕಮಗಳೂರಿನವರಿಗೆ ಇನ್ನೊಂದು ಪೇಚಿದೆ. 17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಹಜ್ ಮುಗಿಸಿ ಬರುವಾಗ ಯೆಮನ್‌ನಿಂದ ಏಳು ಕಾಫಿ ಬೀಜ ತಂದರು ಅಂತ ಪ್ರತೀತಿ. ಮೊಳಕೆ ಬರುವ ಬೀಜ ಹೊರಗೆ ಒಯ್ಯುವುದಕ್ಕೆ ಅಲ್ಲಿ ನಿಷೇಧ ಇತ್ತು. ಬಚ್ಚಿಟ್ಟುಕೊಂಡೇ ತಂದದ್ದು. ಹಜ್‌ನ ಪುಣ್ಯ ಒಂದು ಕಡೆ, ಕಳ್ಳಸಾಗಣೆ ಇನ್ನೊಂದು ಕಡೆ. ಚಿತ್ರಗುಪ್ತ ಇದನ್ನು ಯಾವ ಕಾಲಮ್ಮಿಗೆ ಹಾಕಿದ? ನರಕಕ್ಕೆ ಹೆದರಿ ಆ ಫಕೀರ ಬೀಜಗಳನ್ನು ಅಲ್ಲೇ ಬಿಟ್ಟು ಬಂದಿದ್ದರೆ ಇವತ್ತು ಎಸ್ಟೇಟೂ ಇಲ್ಲ, ಹೋಂಸ್ಟೇಯೂ ಇಲ್ಲ, ನಾವು ಕೂತು ಹರಟುವ ಹೋಟೆಲೂ ಇಲ್ಲ. ಸೂಫಿಗಳದ್ದೇ ಇನ್ನೊಂದು ಕಥೆ. ಬಸ್ರಾದ ರಾಬಿಯಾ ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ನೀರು ಹಿಡಿದು ಓಡುತ್ತಿದ್ದಳಂತೆ. ಸ್ವರ್ಗ ಸುಟ್ಟು, ನರಕದ ಬೆಂಕಿ ಆರಿಸಿಬಿಡ್ತೀನಿ, ಆಮೇಲೆ ಯಾರು ದೇವರನ್ನು ನೆನೆಸ್ತಾರೋ ನೋಡೋಣ ಅಂದಳಂತೆ. ಆಕೆ ಈಗ ಹಾಸನದಲ್ಲಿ ಹಾಗೆ ಓಡಿದ್ದರೆ ಎಲ್ಲ ಧರ್ಮದವರೂ ಒಟ್ಟಾಗಿ ಹೋಗಿ ಕಂಪ್ಲೇಂಟ್ ಕೊಡುತ್ತಿದ್ದರು. ಭಾವನೆಗೆ ಧಕ್ಕೆ ಅಂತ.

ನಗು ಇಲ್ಲಿಗೆ ಸಾಕು. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಬೈಕಿನವನು ಬಿದ್ದಿರುತ್ತಾನೆ. ಧರ್ಮಸ್ಥಳ, ಕುಕ್ಕೆ ಮುಗಿಸಿ ವಾಪಸ್ ಬರುತ್ತಿರುವ ಕಾರುಗಳು. ಹಿಂದಿನ ಗಾಜಿನಲ್ಲಿ ದೇವರ ಸ್ಟಿಕ್ಕರ್, ಡ್ಯಾಶ್‌ಬೋರ್ಡಿನಲ್ಲಿ ಪ್ರಸಾದದ ಕವರ್. ನಿಧಾನ ಮಾಡುತ್ತಾರೆ. ಗಾಜು ಅರ್ಧ ಇಳಿಯುತ್ತದೆ. ಮೊಬೈಲ್ ಹೊರಗೆ ಬರುತ್ತದೆ. “ಅಯ್ಯೋ ಪಾಪ” ಅನ್ನುತ್ತಾರೆ. ಗಾಜು ಮೇಲೇರುತ್ತದೆ. ಸೀಟಿಗೆ ರಕ್ತ ಆಗುತ್ತೆ ಅಂತ. ಸ್ಟೇಷನ್ನಿಗೆ ಅಲೆಸ್ತಾರೆ ಅಂತ. ಥೂ. ಇಷ್ಟು ಹರಕೆ, ಇಷ್ಟು ಮುಡಿ, ಇಷ್ಟು ಉರುಳುಸೇವೆ ಮಾಡಿ ಬಂದವರು, ಒಬ್ಬ ಮನುಷ್ಯನನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿಕೊಳ್ಳೋಕೆ ಆಗಲ್ವಾ? ಇವರು ಸ್ವಾರ್ಥಿಗಳು ಅಂತಲೂ ನನಗೆ ಬೇಜಾರಿಲ್ಲ. ಸ್ವಾರ್ಥವನ್ನಾದರೂ ನೆಟ್ಟಗೆ ಮಾಡಬಾರದಾ? ರಸ್ತೆಯಲ್ಲೇ ಬಿದ್ದಿರುವ ಪುಣ್ಯ ಬಿಟ್ಟು, ಕುಂಭೀಪಾಕ ನರಕದ ಎಣ್ಣೆಗಿಂತ ಪೊಲೀಸ್ ಸ್ಟೇಷನ್ನಿನ ಬೆಂಚಿಗೆ ಜಾಸ್ತಿ ಹೆದರುವ ಈ ಭಕ್ತಿಯಿಂದ ಯಾರಿಗೆ ಏನು ಉಪಯೋಗ?

ಸರ್ಕಾರಕ್ಕೆ ನಮ್ಮ ಬಗ್ಗೆ ಚೆನ್ನಾಗಿ ಗೊತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಯಲ್ಲೇ ನೆರವಿಗೆ ಬಂದವರಿಗೆ ರಕ್ಷಣೆ ಬರೆದರು. ಅದಕ್ಕೂ ಗಾಜು ಇಳಿಯಲಿಲ್ಲ. 2021ರಲ್ಲಿ, ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿದವರಿಗೆ 5,000 ರೂಪಾಯಿ ಬಹುಮಾನ ಅಂದರು. 2025ರಲ್ಲಿ ಕೇಂದ್ರ ಸಚಿವ ಗಡ್ಕರಿ ಅದನ್ನು 25,000 ಮಾಡ್ತೀವಿ ಅಂದರು. ಸ್ವರ್ಗದ ರೇಟು ಸಾಲದು ಅಂತ ದೆಹಲಿಗೆ ಅರ್ಥವಾಗಿದೆ. ನನ್ನನ್ನು ಕೇಳಿದರೆ ಐವತ್ತು ಸಾವಿರ ಕೊಡಲಿ. ಜೊತೆಗೆ ಸೀಟ್ ಕವರ್ ತೊಳೆಸೋ ಖರ್ಚೂ ಕೊಡಲಿ. ಸ್ವಾರ್ಥದಿಂದಲೇ ಆಗಲಿ, ಗಾಡಿ ನಿಲ್ಲಲಿ.

ಹುಡುಗನಿಗೆ ಇದು ಸರಿಬರಲಿಲ್ಲ. “ದುಡ್ಡಿಗೆ ಎತ್ತೋದೂ ಒಂದು ಸೇವೆನಾ ಸಾರ್?”

ಮೇಷ್ಟ್ರು ಮೊಬೈಲಿನಲ್ಲಿ ಆ 2021ರ ನಿಯಮ ಹುಡುಕಿ ತೆಗೆದರು. ಕನ್ನಡಕ ಮೇಲೇರಿಸಿ ಓದಿದರು. ಒಬ್ಬರಿಗೆ ವರ್ಷಕ್ಕೆ ಐದು ಸಲ ಮಾತ್ರ ಬಹುಮಾನ.

“ನೋಡಪ್ಪಾ, ನಿನಗೆ ಬೇಕಾದ ನಿಸ್ವಾರ್ಥಿ ಇಲ್ಲೇ ಇದ್ದಾನೆ. ಆರನೇ ಗಾಯಾಳುವನ್ನು ಎತ್ತೋನು.”